ಆದೇಶಕ್ಕೆ ಕಡಿವಾಣ: ಕೀಲಿಮಣೆಯ ಸಂಪಾದಕಗಳೂ ಕನ್ನಡ ಪಠ್ಯವೂ

ಮೌಸ್ ಮುಟ್ಟದೆ ಕೀಲಿಮಣೆಯಿಂದಲೇ ಪಠ್ಯ ತಿದ್ದುವ ಸಂಪಾದಕ ತಂತ್ರಾಂಶಗಳಲ್ಲಿ ವಿಮ್ ಮತ್ತು ಇಮ್ಯಾಕ್ಸ್ ಹೆಸರಾದವು. ಅಳಿಸು, ಬದಲಿಸು, ನಕಲು ಮಾಡು, ಹುಡುಕು ಮುಂತಾದ ಮೂಲ ಆದೇಶಗಳು ಇವುಗಳಲ್ಲಿ ಕೆಲವೇ ಇವೆ. ಒಂದು ಆದೇಶ ಎಷ್ಟು ಸಲ ನಡೆಯಬೇಕು, ಎಲ್ಲಿಂದ ಎಲ್ಲಿಯವರೆಗೆ ನಡೆಯಬೇಕು, ನಡೆಯುವ ಮುನ್ನ ಒಪ್ಪಿಗೆ ಕೇಳಬೇಕೆ, ಯಾವ ಸಾಲುಗಳನ್ನು ಬಿಡಬೇಕು ಎಂಬುದನ್ನು ತಿಳಿಸಲು ಆದೇಶದ ಮುಂದೆಯೋ ಹಿಂದೆಯೋ ಸೇರಿಸುವ ಅಂಕಿ, ಅಕ್ಷರ, ಚಿಹ್ನೆ ಅಥವಾ ಪದಕ್ಕೆ ಮಾಡಿಫೈಯರ್ ಎನ್ನುತ್ತಾರೆ. ಮಾಡಿಫೈಯರ್‌ಗಳನ್ನು ಸಾಮಾನ್ಯವಾಗಿ ಹೊಗಳುವುದು ವೇಗಕ್ಕಾಗಿ: ಮೂರು ಕೀಲಿ ಒತ್ತಿದರೆ ಮೂವತ್ತು ಸಾಲು ಮಾಯ. ಆದರೆ ಕನ್ನಡ ಪಠ್ಯದ ಮೇಲೆ ಇವುಗಳನ್ನು ಪ್ರಯೋಗಿಸಿ ನೋಡಿದರೆ ಬೇರೆಯೇ ಲೆಕ್ಕ ಹೊರಡುತ್ತದೆ. ಆದೇಶವನ್ನು ಹಿಗ್ಗಿಸುವ ಮಾಡಿಫೈಯರ್‌ಗಳು ಇಲ್ಲಿ ಮೇಲಿಂದ ಮೇಲೆ ತಪ್ಪುತ್ತವೆ. ಆದೇಶಕ್ಕೆ ಮಿತಿ ಹಾಕುವವು ಕೆಲಸಕ್ಕೆ ಬರುತ್ತವೆ.

ವಿಮ್‌ನಲ್ಲಿ ಮಾಡಿಫೈಯರ್‌ಗಳು ಹಲವು ಬಗೆಯವು. ಮೊದಲನೆಯದು ಎಣಿಕೆ. ‘ಡಿ’ ಎಂದರೆ ಅಳಿಸು, ‘ಡಬ್ಲ್ಯು’ ಎಂದರೆ ಮುಂದಿನ ಪದದವರೆಗೆ. ಎರಡನ್ನೂ ಒತ್ತಿದರೆ ಒಂದು ಪದ ಅಳಿಯುತ್ತದೆ. ನಡುವೆ 3 ಸೇರಿಸಿದರೆ ಮೂರು ಪದ. ಆರಂಭದಲ್ಲಿ 2, ನಡುವೆ 3 ಇದ್ದರೆ ಎರಡೂ ಗುಣಾಕಾರವಾಗಿ ಆರು ಪದ. ಎರಡನೆಯದು ವ್ಯಾಪ್ತಿ: ‘ಡಬ್ಲ್ಯು’ ಬದಲಿಗೆ ‘ಎ’, ‘ಪಿ’ ಒತ್ತಿದರೆ ಇಡೀ ಪ್ಯಾರಾ, ‘ಐ’, ‘ಡಬ್ಲ್ಯು’ ಒತ್ತಿದರೆ ಕರ್ಸರ್ ಪದದ ನಡುವೆ ನಿಂತಿದ್ದರೂ ಪೂರ್ತಿ ಪದ. ಮೂರನೆಯದು, ಅಳಿಸಿದ್ದನ್ನೋ ನಕಲು ಮಾಡಿದ್ದನ್ನೋ ಎಲ್ಲಿ ಇಡಬೇಕೆಂದು ಹೇಳುವ ರಿಜಿಸ್ಟರ್‌ನ ಗುರುತು. ನಾಲ್ಕನೆಯ ಬಗೆ, ಕೋಲನ್ ಒತ್ತಿ ಬರೆಯುವ ಆದೇಶಗಳ ಮೊದಲಿಗೆ ಬರುವ ಪದಗಳು. ‘ವರ್ಟಿಕಲ್’ ಎಂದರೆ ಹೊಸ ಕಿಟಕಿ ಪಕ್ಕದಲ್ಲಿ ತೆರೆಯುತ್ತದೆ, ‘ಟ್ಯಾಬ್’ ಎಂದರೆ ಬೇರೆ ಪುಟದಲ್ಲಿ. ‘ಸೈಲೆಂಟ್’ ಸಂದೇಶಗಳನ್ನು ಅಡಗಿಸುತ್ತದೆ. ‘ಕನ್ಫರ್ಮ್’ ಇದ್ದರೆ ಉಳಿಸದ ಕಡತವನ್ನು ಮುಚ್ಚುವ ಮುನ್ನ ಸಂಪಾದಕ ಒಮ್ಮೆ ಕೇಳುತ್ತದೆ. ಐದನೆಯದು ಆದೇಶದ ಕೊನೆಗೆ ಹಚ್ಚುವ ಆಶ್ಚರ್ಯಸೂಚಕ. ಮುಚ್ಚುವ ಆದೇಶಕ್ಕೆ ಅದನ್ನು ಹಚ್ಚಿದರೆ ಉಳಿಸದ ಬದಲಾವಣೆಗಳನ್ನೆಲ್ಲ ಬಿಟ್ಟು ಹೊರಬರುತ್ತದೆ. ಸಾಲುಗಳನ್ನು ಆಯ್ದುಕೊಳ್ಳುವ ‘ಜಿ’ ಆದೇಶಕ್ಕೆ ಹಚ್ಚಿದರೆ ಅರ್ಥ ತಿರುಗಿ, ಮಾದರಿ ಇಲ್ಲದ ಸಾಲುಗಳು ಮಾತ್ರ ಆಯ್ಕೆಯಾಗುತ್ತವೆ. ಕೊನೆಯದು, ಬದಲಿಸುವ ಆದೇಶದ ತುದಿಯಲ್ಲಿ ಬರುವ ಒಂದಕ್ಷರದ ಸೂಚನೆಗಳು: ‘ಜಿ’ ಎಂದರೆ ಸಾಲಿನಲ್ಲಿರುವ ಎಲ್ಲ ಕಡೆ, ‘ಸಿ’ ಎಂದರೆ ಪ್ರತಿಯೊಂದಕ್ಕೂ ಒಪ್ಪಿಗೆ ಕೇಳು, ‘ಎನ್’ ಎಂದರೆ ಏನನ್ನೂ ಬದಲಿಸದೆ ಎಷ್ಟು ಕಡೆ ಸಿಕ್ಕಿತೆಂದು ಮಾತ್ರ ಹೇಳು.

ಇಮ್ಯಾಕ್ಸ್ ಇದೇ ಕೆಲಸವನ್ನು ಬಹುಪಾಲು ಒಂದೇ ಕೀಲಿಯಿಂದ ಮಾಡಿಸುತ್ತದೆ. ಕಂಟ್ರೋಲ್ ಜೊತೆ ‘ಯು’ ಒತ್ತಿ ಆದೇಶ ಕೊಟ್ಟರೆ ಅದು ನಾಲ್ಕು ಸಲ ನಡೆಯುತ್ತದೆ. ಎರಡು ಬಾರಿ ಒತ್ತಿದರೆ ಹದಿನಾರು ಸಲ. ಎಣಿಕೆಗೆ ಅರ್ಥವಿಲ್ಲದ ಆದೇಶಗಳಲ್ಲಿ ಅದೇ ಕೀಲಿ ಆದೇಶದ ಸ್ವರೂಪವನ್ನೇ ಬದಲಿಸುತ್ತದೆ. ಕೇಳಿ ಕೇಳಿ ಬದಲಿಸುವ ಆದೇಶದ ಮುಂದೆ ಅದನ್ನಿಟ್ಟರೆ, ಹುಡುಕುವ ತುಂಡು ಬಿಡಿ ಪದವಾಗಿ ನಿಂತ ಕಡೆಗಳು ಮಾತ್ರ ಎದುರಿಗೆ ಬರುತ್ತವೆ.

ಈ ಪದ್ಧತಿಯ ಬೇರು ಹಳೆಯದು. ಡ್ಯಾನ್ ಮರ್ಫಿ 1962-63ರಲ್ಲಿ ಎಂಐಟಿಯ ಪಿಡಿಪಿ-1 ಗಣಕಕ್ಕಾಗಿ ಬರೆದ ಟೆಕೊ ಸಂಪಾದಕದಲ್ಲಿಯೇ ಆದೇಶದ ಮುಂದೆ ಅಂಕಿ ಇಡುವ ಕ್ರಮವಿತ್ತು. ಮುಂದೆ ಅದರಲ್ಲಿ ಕೋಲನ್ ಕೂಡ ಮಾಡಿಫೈಯರ್ ಆಯಿತು: ಹುಡುಕುವ ಆದೇಶಕ್ಕೆ ಅದನ್ನು ಸೇರಿಸಿದರೆ, ಹುಡುಕಿದ್ದು ಸಿಗದಾಗ ತಂತ್ರಾಂಶ ದೋಷ ತೋರಿಸಿ ನಿಲ್ಲುವ ಬದಲು ಫಲಿತಾಂಶವನ್ನು ಅಂಕಿಯಾಗಿ ಹಿಂದಿರುಗಿಸುತ್ತಿತ್ತು. ಟೆಕೊದ ಮೇಲೆ ಬರೆದ ಆದೇಶಗಳ ಕಟ್ಟಾಗಿಯೇ 1976ರಲ್ಲಿ ಇಮ್ಯಾಕ್ಸ್ ಹುಟ್ಟಿತು. ರಿಚರ್ಡ್ ಸ್ಟಾಲ್ಮನ್ ಮತ್ತು ಗೈ ಸ್ಟೀಲ್ ಅದರ ಮೊದಲ ಕರ್ತೃಗಳು. ಅದೇ ವರ್ಷ ಬರ್ಕ್ಲಿಯಲ್ಲಿ ಬಿಲ್ ಜಾಯ್ ವಿಐ ಸಂಪಾದಕವನ್ನು ಬರೆದರು. ಅವರು ಬಳಸಿದ ಎಡಿಎಂ-3ಎ ಎಂಬ ಟರ್ಮಿನಲ್ಲಿನ ಕೀಲಿಮಣೆಯಲ್ಲಿ ಬಾಣದ ಗುರುತುಗಳನ್ನು ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆಯೇ ಅಚ್ಚು ಹಾಕಿದ್ದರು. ಇಂದಿಗೂ ವಿಮ್‌ನಲ್ಲಿ ಕರ್ಸರ್ ಸರಿಸುವ ಕೀಲಿಗಳು ಅವೇ. ವಿಐನ ಸುಧಾರಿತ ರೂಪವಾದ ವಿಮ್‌ಅನ್ನು ಬ್ರಾಮ್ ಮೂಲೆನಾರ್ 1991ರಲ್ಲಿ ಹೊರತಂದರು. ಗಣಕದ ನೆನಪಿನ ಶಕ್ತಿ ಕಡಿಮೆಯಿದ್ದು, ಫೋನ್ ತಂತಿಯ ಮೂಲಕ ಅಕ್ಷರಗಳು ನಿಧಾನವಾಗಿ ಬರುತ್ತಿದ್ದ ಕಾಲದಲ್ಲಿ ಕಡಿಮೆ ಒತ್ತಿ ಹೆಚ್ಚು ಹೇಳುವುದು ಅನಿವಾರ್ಯವಾಗಿತ್ತು.

ಆ ಅನಿವಾರ್ಯತೆ ಹೋದ ಮೇಲೂ ಪದ್ಧತಿ ಉಳಿದದ್ದಕ್ಕೆ ಕಾರಣ ಅದರ ಲೆಕ್ಕಾಚಾರ. ಹತ್ತು ಕ್ರಿಯೆಗಳನ್ನೂ ಇಪ್ಪತ್ತು ವ್ಯಾಪ್ತಿಗಳನ್ನೂ ಕಲಿತವರಿಗೆ ನೆನಪಿನಲ್ಲಿ ಇಡಬೇಕಾದದ್ದು ಮೂವತ್ತು ಸಂಗತಿ, ಕೈಗೆ ಸಿಗುವುದು ಇನ್ನೂರು ಕೆಲಸ. ಎಣಿಕೆಯೂ ಸೇರಿದರೆ ಅದಕ್ಕೆ ಕೊನೆಯಿಲ್ಲ. ಮೆನು ಇರುವ ತಂತ್ರಾಂಶದಲ್ಲಿ ಇಷ್ಟು ಕೆಲಸಗಳಿಗೆ ಅಷ್ಟೇ ಗುಂಡಿಗಳು ಬೇಕಾಗುತ್ತವೆ.

ಇದಕ್ಕೆ ಎದುರು ವಾದವೂ ಬಲವಾದದ್ದೇ. ಜೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿ 1970ರ ದಶಕದಲ್ಲಿ ಟಿಮ್ ಮಾಟ್ ಜೊತೆ ಜಿಪ್ಸಿ ಎಂಬ ಸಂಪಾದಕವನ್ನು ರೂಪಿಸಿದ ಲ್ಯಾರಿ ಟೆಸ್ಲರ್, ಒಂದೇ ಕೀಲಿ ಒಮ್ಮೆ ಅಕ್ಷರವಾಗಿ, ಇನ್ನೊಮ್ಮೆ ಆದೇಶವಾಗಿ ವರ್ತಿಸುವ ವ್ಯವಸ್ಥೆಯನ್ನೇ ವಿರೋಧಿಸಿದರು. ಬಳಸುವವರು ತಾವು ಯಾವ ಸ್ಥಿತಿಯಲ್ಲಿದ್ದೇವೆ ಎಂಬುದನ್ನು ಮರೆಯುತ್ತಾರೆ, ಬರೆಯಲು ಹೋಗಿ ಅಳಿಸುತ್ತಾರೆ ಎಂಬುದು ಅವರ ಆಕ್ಷೇಪ. ಇಂದು ಎಲ್ಲರೂ ಬಳಸುವ ಕಟ್, ಕಾಪಿ, ಪೇಸ್ಟ್ ಪದ್ಧತಿ ಆ ಚಿಂತನೆಯ ಫಲ. ಗಣಕ ಬಳಕೆಯ ವಿನ್ಯಾಸತಜ್ಞ ಜೆಫ್ ರಾಸ್ಕಿನ್ ಇದಕ್ಕೊಂದು ತಿದ್ದುಪಡಿ ಸೂಚಿಸಿದರು: ಬೆರಳು ಕೀಲಿಯನ್ನು ಒತ್ತಿ ಹಿಡಿದಿರುವಷ್ಟು ಹೊತ್ತು ಮಾತ್ರ ಇರುವ ಸ್ಥಿತಿ ಅಪಾಯಕಾರಿಯಲ್ಲ, ಏಕೆಂದರೆ ಅದನ್ನು ಬೆರಳೇ ನೆನಪಿಸುತ್ತಿರುತ್ತದೆ. ಶಿಫ್ಟ್ ಒತ್ತಿ ಹಿಡಿಯುವುದಕ್ಕೂ ಕ್ಯಾಪ್ಸ್ ಲಾಕ್ ಹಾಕಿ ಮರೆಯುವುದಕ್ಕೂ ಇರುವ ಅಂತರ ಇದೇ.

ಕನ್ನಡದಲ್ಲಿ ಬೆರಳಚ್ಚು ಮಾಡುವವರಿಗೆ ಈ ಚರ್ಚೆ ದೂರದ್ದಲ್ಲ. ಕೆ.ಪಿ. ರಾವ್ ರೂಪಿಸಿದ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ಕಚೇರಿಗಳಿಗೆ ಹಬ್ಬಿದ ಕೀಲಿಮಣೆ ವಿನ್ಯಾಸ ಎರಡು ಮಾಡಿಫೈಯರ್‌ಗಳ ಮೇಲೆ ನಿಂತಿದೆ. ‘ಕೆ’ ಕೀಲಿ ಕ ಕೊಟ್ಟರೆ ಶಿಫ್ಟ್ ಜೊತೆ ಖ ಕೊಡುತ್ತದೆ: ಅಲ್ಪಪ್ರಾಣ ಮಹಾಪ್ರಾಣವಾಗುತ್ತದೆ. ‘ಎಫ್’ ಕೀಲಿಯ ಕೆಲಸ ತನಗೆ ಹಿಂದೆ ಬಂದ ವ್ಯಂಜನದ ಸ್ವರ ಕಳಚಿ ಅರ್ಧಾಕ್ಷರ ಮಾಡುವುದು. ಅದರ ನಂತರ ಇನ್ನೊಂದು ವ್ಯಂಜನ ಬಂದರೆ ಒತ್ತಕ್ಷರ. ಕೇಂದ್ರ ಸರ್ಕಾರದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಇದೇ ಕೆಲಸ ‘ಡಿ’ ಕೀಲಿಯದು. ಹೀಗೆ ಕನ್ನಡದ ಅಕ್ಷರ ಮೂಡುವುದೇ ಮೂಲ ಕೀಲಿ ಮತ್ತು ಅದನ್ನು ಮಾರ್ಪಡಿಸುವ ಕೀಲಿಗಳ ಜೋಡಣೆಯಿಂದ. ವಿಮ್‌ಗೆ ಬಂದಾಗ ಈ ಪದರದ ಮೇಲೆ ಆದೇಶಗಳ ಇನ್ನೊಂದು ಪದರ ಕೂರುತ್ತದೆ. ಆಗ ಘರ್ಷಣೆ ಶುರು.

ಗಣಕದ ಮಟ್ಟದಲ್ಲಿ ನುಡಿಯ ಕನ್ನಡ ಕೀಲಿಮಣೆ ಚಾಲೂ ಇದ್ದರೆ, ವಿಮ್‌ನ ಆದೇಶ ಸ್ಥಿತಿಯಲ್ಲಿ ‘ಡಿ’ ಒತ್ತಿದವರಿಗೆ ಅಳಿಸುವ ಆದೇಶ ಸಿಗುವುದಿಲ್ಲ, ದ ಸಿಗುತ್ತದೆ. ದ ಎಂಬ ಆದೇಶ ವಿಮ್‌ಗೆ ಗೊತ್ತಿಲ್ಲ. ಕನ್ನಡ ಅಂಕಿ ೩ ಎಣಿಕೆಯಾಗಿ ನಡೆಯುವುದಿಲ್ಲ, 3 ಮಾತ್ರ ನಡೆಯುತ್ತದೆ. ಪರಿಹಾರವೆಂದರೆ ಭಾಷೆಯ ಬದಲಾವಣೆಯನ್ನು ಗಣಕದ ಬದಲು ಸಂಪಾದಕದೊಳಗೇ ಮಾಡಿಕೊಳ್ಳುವುದು. ವಿಮ್‌ನ ಕೀಮ್ಯಾಪ್ ಸೌಲಭ್ಯಕ್ಕೆ ಅಕ್ಷರಗಳ ಪಟ್ಟಿಯನ್ನು ಬರೆದುಕೊಟ್ಟರೆ ಬರೆಯುವ ಸ್ಥಿತಿಯಲ್ಲಿ ಮಾತ್ರ ಕನ್ನಡ ಮೂಡಿ, ಆದೇಶ ಸ್ಥಿತಿಯ ಕೀಲಿಗಳು ಹಾಗೆಯೇ ಉಳಿಯುತ್ತವೆ. ಇಮ್ಯಾಕ್ಸ್‌ನಲ್ಲಿ ಕನ್ನಡದ ಇನ್‌ಸ್ಕ್ರಿಪ್ಟ್ ಮತ್ತು ಐಟ್ರಾನ್ಸ್ ಪದ್ಧತಿಗಳು ಒಳಗೇ ಇವೆ. ಕಂಟ್ರೋಲ್ ಜೊತೆ ಒತ್ತುವ ಆದೇಶಗಳನ್ನು ಅವು ಮುಟ್ಟುವುದಿಲ್ಲ. ರಾಸ್ಕಿನ್ ಹೇಳಿದ ಅಂತರ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಒತ್ತಿ ಹಿಡಿಯುವ ಮಾಡಿಫೈಯರ್ ಭಾಷೆ ಬದಲಾದರೂ ಕೆಡುವುದಿಲ್ಲ, ಒತ್ತಿ ಬಿಡುವುದು ಕೆಡುತ್ತದೆ.

ಇಷ್ಟು ಸರಿಪಡಿಸಿಕೊಂಡ ಮೇಲೂ ಎಣಿಕೆಯ ಪ್ರಶ್ನೆ ಉಳಿಯುತ್ತದೆ. ದೊಡ್ಡಬಳ್ಳಾಪುರ ಎಂಬ ಹೆಸರನ್ನು ತೆಗೆದುಕೊಳ್ಳಬಹುದು. ಕನ್ನಡ ಓದುವವರ ಕಣ್ಣಿಗೆ ಅದರಲ್ಲಿ ಆರು ಅಕ್ಷರ: ದೊ, ಡ್ಡ, ಬ, ಳ್ಳಾ, ಪು, ರ. ಯೂನಿಕೋಡ್ ಸಂಕೇತಗಳ ಲೆಕ್ಕದಲ್ಲಿ ಹದಿಮೂರು, ಏಕೆಂದರೆ ಪ್ರತಿ ಗುಣಿತ ಚಿಹ್ನೆಗೂ ಪ್ರತಿ ಅರ್ಧಾಕ್ಷರ ಚಿಹ್ನೆಗೂ ಬೇರೆ ಸಂಕೇತವಿದೆ. ಯುಟಿಎಫ್-8 ರೂಪದಲ್ಲಿ ಉಳಿಸಿದರೆ 39 ಬೈಟ್. ವಿಮ್ ಗುಣಿತವನ್ನೂ ಅರ್ಧಾಕ್ಷರ ಚಿಹ್ನೆಯನ್ನೂ ಮೂಲ ವ್ಯಂಜನಕ್ಕೆ ಅಂಟಿಸಿ ಎಣಿಸುತ್ತದೆ, ಆದರೆ ಒತ್ತಕ್ಷರವನ್ನು ಎರಡಾಗಿ ಒಡೆಯುತ್ತದೆ. ಹಾಗಾಗಿ ಅದರ ಲೆಕ್ಕ ಎಂಟು. ಹೆಸರಿನ ಮೊದಲ ಅಕ್ಷರದ ಮೇಲೆ ಕರ್ಸರ್ ಇಟ್ಟು, ದೊಡ್ಡ ಎಂಬ ಎರಡು ಅಕ್ಷರಗಳನ್ನು ತೆಗೆಯಲು 2 ಮತ್ತು ‘ಎಕ್ಸ್’ ಒತ್ತಿದರೆ ಉಳಿಯುವುದು ಬಳ್ಳಾಪುರವಲ್ಲ, ಡಬಳ್ಳಾಪುರ. ಪೂರ್ತಿ ಹೆಸರು ತೆಗೆಯಲು 6 ಒತ್ತಿದರೆ ಕೊನೆಯಲ್ಲಿ ಪುರ ಉಳಿಯುತ್ತದೆ.

ಒತ್ತಕ್ಷರವನ್ನು ಒಂದೇ ಘಟಕವಾಗಿ ಎಣಿಸಬೇಕೆಂಬ ಬೇಡಿಕೆ ಭಾರತೀಯ ಲಿಪಿಗಳೆಲ್ಲದರದ್ದು. 2023ರ ಯೂನಿಕೋಡ್ 15.1 ಆವೃತ್ತಿ ಅಕ್ಷರ ವಿಭಜನೆಯ ನಿಯಮವನ್ನು ಆ ದಿಕ್ಕಿನಲ್ಲಿ ತಿದ್ದಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳ ಲಿಪಿಗಳು ಆಗ ಅದರೊಳಗೆ ಬಂದವು. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಇಮ್ಯಾಕ್ಸ್ ತನ್ನದೇ ದಾರಿ ಹಿಡಿದಿದೆ. ಅದೇ ವರ್ಷ ಬಂದ 29ನೆಯ ಆವೃತ್ತಿಯಲ್ಲಿ ಡಿಲೀಟ್ ಕೀಲಿ ತೆರೆಯ ಮೇಲೆ ಒಂದಾಗಿ ಕೂಡಿ ಕಾಣುವ ಗುಂಪನ್ನೇ ಒಟ್ಟಿಗೆ ಅಳಿಸುತ್ತದೆ, ಬ್ಯಾಕ್‌ಸ್ಪೇಸ್ ಒಂದೊಂದೇ ಸಂಕೇತವನ್ನು ಕಳಚುತ್ತದೆ. ವಿಮ್‌ನಲ್ಲಿಯೂ ‘ಡೆಲ್‌ಕಂಬೈನ್’ ಎಂಬ ಆಯ್ಕೆ ಹಾಕಿಕೊಂಡರೆ ‘ಎಕ್ಸ್’ ಒಂದೊಂದೇ ಚಿಹ್ನೆಯನ್ನು ತೆಗೆಯುತ್ತದೆ. ಪು ಎಂಬುದರ ಕೊಂಬು ಮಾತ್ರ ಹೋಗಿ ಪ ಉಳಿಯಬೇಕಾದಾಗ ಇದು ಬೇಕು. ಒಟ್ಟಿನಲ್ಲಿ ಕನ್ನಡದಲ್ಲಿ ಅಕ್ಷರದ ಎಣಿಕೆಯನ್ನು ನಂಬುವುದಕ್ಕಿಂತ, ಇಂಥ ಅಕ್ಷರದವರೆಗೆ ಎಂದು ಗಡಿ ತೋರಿಸುವ ಅಥವಾ ಹುಡುಕಿ ನಿಲ್ಲಿಸುವ ವ್ಯಾಪ್ತಿಯನ್ನು ಬಳಸುವುದು ಕ್ಷೇಮ.

ಅಕ್ಷರದ ಲೆಕ್ಕ ತಪ್ಪಿದರೆ ಕಣ್ಣಿಗೆ ತಕ್ಷಣ ಕಾಣುತ್ತದೆ. ಪದದ ಲೆಕ್ಕ ತಪ್ಪಿದರೆ ಹಾಗಲ್ಲ. ಇಂಗ್ಲಿಷಿನಲ್ಲಿ ಊರಿನ ಹೆಸರು ಒಂದು ಪದ, ಅದರ ಸಂಬಂಧ ತೋರಿಸುವುದು ಇನ್ನೊಂದು ಪದ, ನಡುವೆ ಜಾಗವಿದೆ. ಕನ್ನಡದಲ್ಲಿ ವಿಭಕ್ತಿ ಹೆಸರಿಗೆ ಅಂಟಿಕೊಳ್ಳುತ್ತದೆ, ಅಂಟುವಾಗ ಹೆಸರಿನ ಕೊನೆಯ ಸ್ವರವನ್ನು ನೋಡಿ ರೂಪ ಬದಲಿಸುತ್ತದೆ: ನೆಲಮಂಗಲದಲ್ಲಿ, ದೇವನಹಳ್ಳಿಯಲ್ಲಿ, ನೆಲಮಂಗಲಕ್ಕೆ, ದೇವನಹಳ್ಳಿಗೆ. ಬಿಡಿ ಪದವನ್ನು ಮಾತ್ರ ಹಿಡಿ ಎಂಬ ಮಾಡಿಫೈಯರ್ ಇಂಗ್ಲಿಷಿನಲ್ಲಿ ತಪ್ಪು ತಡೆಯುತ್ತದೆ. ಕನ್ನಡದಲ್ಲಿ ಅದು ವಿಭಕ್ತಿ ಹತ್ತಿದ ರೂಪಗಳನ್ನೆಲ್ಲ ಬಿಟ್ಟು, ಪ್ರತ್ಯಯವಿಲ್ಲದ ಕೆಲವನ್ನಷ್ಟೇ ಹಿಡಿಯುತ್ತದೆ. ಅದನ್ನು ತೆಗೆದರೆ ಎಲ್ಲವೂ ಸಿಗುತ್ತವೆ, ಸಿಕ್ಕಿದ್ದು ಸರಿಯಾಗಿ ಬದಲಾಗುತ್ತದೆಂಬ ಖಾತರಿ ಮಾತ್ರ ಇರುವುದಿಲ್ಲ.

ಇದನ್ನು ಪರೀಕ್ಷಿಸಲು ಬೆಂಗಳೂರು ಗ್ರಾಮಾಂತರ ಜಿಲ್ಲೆಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಹಳೆಯ ಬೆಂಗಳೂರು ಜಿಲ್ಲೆ 1986ರಲ್ಲಿ ಒಡೆದು ಇದು ಹುಟ್ಟಿತು. 2007ರಲ್ಲಿ ಇದರಿಂದ ರಾಮನಗರ ಜಿಲ್ಲೆ ಬೇರೆಯಾದಾಗ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳು ಉಳಿದವು. 2025ರ ಜುಲೈ 2ರಂದು ನಂದಿ ಬೆಟ್ಟದಲ್ಲಿ ಸೇರಿದ ರಾಜ್ಯ ಸಚಿವ ಸಂಪುಟ ಜಿಲ್ಲೆಗೆ ಬೆಂಗಳೂರು ಉತ್ತರ ಎಂದೂ, ಬಾಗೇಪಲ್ಲಿಗೆ ಭಾಗ್ಯನಗರ ಎಂದೂ ಹೆಸರಿಡಲು ತೀರ್ಮಾನಿಸಿತು. ಇಂಥ ತೀರ್ಮಾನ ಕಡತಕ್ಕೆ ಇಳಿಯುವುದು ಹುಡುಕಿ ಬದಲಿಸುವ ಆದೇಶದ ರೂಪದಲ್ಲಿ. ಇಡೀ ಕಡತ ಎಂಬ ವ್ಯಾಪ್ತಿ, ಎಲ್ಲ ಕಡೆ ಎಂಬ ‘ಜಿ’ ಸೂಚನೆ ಇವೆರಡನ್ನೂ ಸೇರಿಸಿ ಹೊಸ ಹೆಸರು ಕೊಟ್ಟರೆ ಕೆಲಸ ಕ್ಷಣದಲ್ಲಿ ಮುಗಿದಂತೆ ಕಾಣುತ್ತದೆ.

ವ್ಯಾಕರಣದ ಮಟ್ಟಿಗೆ ಮೊದಲ ಹೆಸರು ತೊಂದರೆ ಕೊಡುವುದಿಲ್ಲ. ಗ್ರಾಮಾಂತರ, ಉತ್ತರ ಎರಡೂ ರಕಾರದಲ್ಲಿ ಮುಗಿಯುವುದರಿಂದ ಗ್ರಾಮಾಂತರದಲ್ಲಿ ಎಂಬುದು ಉತ್ತರದಲ್ಲಿ ಎಂದೂ, ಗ್ರಾಮಾಂತರಕ್ಕೆ ಎಂಬುದು ಉತ್ತರಕ್ಕೆ ಎಂದೂ ಸರಾಗವಾಗಿ ಬದಲಾಗುತ್ತದೆ. ಎರಡನೆಯ ಹೆಸರಿಗೆ ಅದೇ ಆದೇಶ ಕೊಟ್ಟರೆ ಬಾಗೇಪಲ್ಲಿಯಲ್ಲಿ ಎಂಬುದು ಭಾಗ್ಯನಗರಯಲ್ಲಿ, ಬಾಗೇಪಲ್ಲಿಗೆ ಎಂಬುದು ಭಾಗ್ಯನಗರಗೆ ಆಗುತ್ತದೆ. ಪ್ರತ್ಯಯ ಸೇರಿದ ಉದ್ದ ರೂಪಗಳನ್ನು ಮೊದಲು ಒಂದೊಂದಾಗಿ ಬದಲಿಸಿ, ಬರಿಯ ಹೆಸರನ್ನು ಕೊನೆಗೆ ಬದಲಿಸುವುದೇ ಇದಕ್ಕಿರುವ ದಾರಿ.

ಅರ್ಥದ ಮಟ್ಟಿಗೆ ತೊಡಕು ಕೊಡುವುದು ಮೊದಲ ಹೆಸರೇ. ಬೆಂಗಳೂರು ಗ್ರಾಮಾಂತರ ಎಂಬುದು ಲೋಕಸಭಾ ಕ್ಷೇತ್ರವೊಂದರ ಹೆಸರೂ ಹೌದು. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಬಂದ ಆ ಕ್ಷೇತ್ರದಲ್ಲಿ ಕನಕಪುರ, ರಾಮನಗರ, ಮಾಗಡಿ, ಚನ್ನಪಟ್ಟಣ, ಕುಣಿಗಲ್, ಆನೇಕಲ್ ಮುಂತಾದವು ಇವೆ. ಜಿಲ್ಲೆಯ ಈಗಿನ ನಾಲ್ಕು ವಿಧಾನಸಭಾ ಕ್ಷೇತ್ರಗಳಲ್ಲಿ ಒಂದೂ ಇಲ್ಲ. ಅವು ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಜಿಲ್ಲೆಯ ಹೆಸರು ಬದಲಾದ ಮಾತ್ರಕ್ಕೆ ಲೋಕಸಭಾ ಕ್ಷೇತ್ರದ ಹೆಸರು ಬದಲಾಗುವುದಿಲ್ಲ. ಇತ್ತ ಬೆಂಗಳೂರು ಉತ್ತರ ಎಂಬ ಹೆಸರಿನ ಲೋಕಸಭಾ ಕ್ಷೇತ್ರ ಬೇರೆಯೇ ಇದೆ, ನಗರ ಜಿಲ್ಲೆಯಲ್ಲಿ ಅದೇ ಹೆಸರಿನ ತಾಲ್ಲೂಕಿದೆ, ಕೋಲಾರದಲ್ಲಿ ಅದೇ ಹೆಸರಿನ ವಿಶ್ವವಿದ್ಯಾಲಯವಿದೆ. ಮಿತಿಯಿಲ್ಲದ ಬದಲಾವಣೆ ಎರಡು ಲೋಕಸಭಾ ಕ್ಷೇತ್ರಗಳನ್ನು ಒಂದೇ ಹೆಸರಿಗೆ ಇಳಿಸಿಬಿಡುತ್ತದೆ. ತಪ್ಪು ಗೊತ್ತಾದ ಮೇಲೆ ತಿರುಗುಮುರುಗು ಆದೇಶ ಕೊಟ್ಟರೂ ಹಿಂದಿನ ಸ್ಥಿತಿ ಬರುವುದಿಲ್ಲ: ಮೊದಲಿನಿಂದ ಉತ್ತರವಾಗಿದ್ದದ್ದೂ ಗ್ರಾಮಾಂತರವಾಗುತ್ತದೆ. 1995ರ ಸರ್ಕಾರಿ ಆದೇಶವೊಂದರ ನಕಲು ಕಡತದಲ್ಲಿದ್ದರೆ ಅದರಲ್ಲಿ ಹಳೆಯ ಹೆಸರೇ ಇರಬೇಕು. ದಾಖಲೆಯನ್ನು ಹೊಸ ಹೆಸರಿಗೆ ತಿದ್ದಿದರೆ ಅದು ದಾಖಲೆಯಾಗಿ ಉಳಿಯುವುದಿಲ್ಲ.

ಮಿತಿ ಹಾಕುವ ಮಾಡಿಫೈಯರ್‌ಗಳು ಒಂದೊಂದಾಗಿ ಬೇಕಾಗುವುದು ಈ ಹಂತದಲ್ಲಿ. ಮೊದಲು ‘ಎನ್’ ಸೂಚನೆ: ಎಷ್ಟು ಕಡೆ, ಎಷ್ಟು ಸಾಲುಗಳಲ್ಲಿ ಹೆಸರಿದೆ ಎಂಬ ಲೆಕ್ಕ ಸಿಗುತ್ತದೆ, ಕಡತ ಬದಲಾಗುವುದಿಲ್ಲ. ಎರಡನೆಯದಾಗಿ ಸಾಲುಗಳ ವ್ಯಾಪ್ತಿ: ಹಳೆಯ ಆದೇಶಗಳ ನಕಲು 200ನೆಯ ಸಾಲಿನಿಂದ ಆರಂಭವಾದರೆ 1ರಿಂದ 199ರವರೆಗೆ ಎಂದು ಹೇಳಬಹುದು. ಮೂರನೆಯದಾಗಿ ಆಶ್ಚರ್ಯಸೂಚಕ ಹಚ್ಚಿದ ‘ಜಿ’ ಆದೇಶ: ಲೋಕಸಭಾ ಎಂಬ ಪದ ಇರುವ ಸಾಲುಗಳನ್ನು ಬಿಟ್ಟು ಉಳಿದವುಗಳಲ್ಲಿ ಮಾತ್ರ ಬದಲಿಸು ಎಂದಾಗುತ್ತದೆ. ಕೊನೆಗೆ ‘ಸಿ’ ಸೂಚನೆ. ಇದು ಪ್ರತಿ ಬಾರಿಯೂ ನಿಂತು ಕೇಳುತ್ತದೆ: ‘ವೈ’ ಎಂದರೆ ಬದಲಿಸು, ‘ಎನ್’ ಎಂದರೆ ಬಿಡು, ‘ಎ’ ಎಂದರೆ ಉಳಿದದ್ದೆಲ್ಲವನ್ನೂ ಕೇಳದೆ ಬದಲಿಸು, ‘ಕ್ಯೂ’ ಎಂದರೆ ಇಲ್ಲಿಗೆ ಸಾಕು. ಮೊದಲನೆಯದು ಪ್ರಶ್ನೆಗಳ ಸಂಖ್ಯೆಯನ್ನು ತಿಳಿಸುತ್ತದೆ, ನಡುವಿನ ಎರಡು ಅದನ್ನು ಇಳಿಸುತ್ತವೆ, ನಾಲ್ಕನೆಯದು ಉಳಿದ ಪ್ರಶ್ನೆಗಳನ್ನು ಮನುಷ್ಯನ ಮುಂದಿಡುತ್ತದೆ. ನೂರಾರು ಬಾರಿ ‘ವೈ’ ಒತ್ತಬೇಕಾದವರು ಬೇಸತ್ತು ಕೊನೆಗೆ ‘ಎ’ ಒತ್ತುತ್ತಾರೆ. ಮೊದಲೇ ಜರಡಿ ಹಿಡಿಯುವುದು ಅದಕ್ಕಾಗಿ.

ಹುಡುಕಾಟವೇ ತಪ್ಪಿದರೆ ಯಾವ ಮಾಡಿಫೈಯರ್ ಇದ್ದೂ ಪ್ರಯೋಜನವಿಲ್ಲ. ಕನ್ನಡದಲ್ಲಿ ಒಂದೇ ರೂಪದಲ್ಲಿ ಕಾಣುವ ಪದಗಳು ಒಳಗೆ ಬೇರೆ ಬೇರೆ ಇರಬಹುದು. ದೊಡ್ಡಬಳ್ಳಾಪುರದ ದೊ ಒಂದು ಕಡೆ ದಕಾರ ಮತ್ತು ಒತ್ವದ ಒಂದೇ ಸಂಕೇತದಿಂದ ಆಗಿದ್ದರೆ, ಇನ್ನೊಂದು ಕಡೆ ಎತ್ವ, ಊತ್ವದ ಕೊಂಬು ಎಂಬ ಎರಡು ಸಂಕೇತಗಳಿಂದ ಆಗಿರಬಹುದು. ಹೊಸಕೋಟೆಯ ಹೊ, ಕೋ ಎರಡಕ್ಕೂ ಇದೇ ಮಾತು. ತೆರೆಯ ಮೇಲೆ ಭೇದವಿಲ್ಲ, ಹುಡುಕಾಟಕ್ಕೆ ಭೇದವಿದೆ. ಒತ್ತಕ್ಷರವಾಗದಂತೆ ತಡೆಯಲು ರಾಜ್‌ಕುಮಾರ್ ಎಂಬಲ್ಲಿ ಹಾಕುವ ಕಣ್ಣಿಗೆ ಕಾಣದ ಸಂಕೇತವೂ ಹೀಗೆಯೇ ಹುಡುಕಾಟವನ್ನು ಮುರಿಯುತ್ತದೆ. ಯೂನಿಕೋಡ್ ಬಳಕೆಗೆ ಬರುವ ಮುನ್ನಿನ ನುಡಿ, ಬರಹ ಅಕ್ಷರಶೈಲಿಗಳ ಕಡತಗಳಲ್ಲಿ ಸಮಸ್ಯೆ ಇನ್ನೂ ಆಳ: ಅಲ್ಲಿ ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದರಿಂದ ಸಂಪಾದಕಕ್ಕೆ ಕನ್ನಡದ ಪದವೇ ಕಾಣುವುದಿಲ್ಲ. ಅಂಥ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಸಂಕೇತಗಳನ್ನು ಒಂದೇ ರೂಪಕ್ಕೆ ತಂದ ಮೇಲೆಯೇ ಆದೇಶಗಳ ಮಾತು. ‘ಎನ್’ ಸೂಚನೆಯಿಂದ ಬರುವ ಲೆಕ್ಕ ನಿರೀಕ್ಷೆಗಿಂತ ಕಡಿಮೆಯಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಇಷ್ಟೊಂದು ಎಚ್ಚರಿಕೆ ಬೇಕಾದರೆ ಮೌಸ್ ಹಿಡಿದು ಕಣ್ಣಾರೆ ನೋಡಿ ತಿದ್ದುವುದೇ ಮೇಲಲ್ಲವೇ ಎಂದು ಕೇಳಬಹುದು. ಎರಡು ಪುಟದ ಪತ್ರಕ್ಕೆ ಅದು ಸರಿಯಾದ ಮಾತು. ನೂರು ಕಡತಗಳಿದ್ದಾಗ ಮೆನುವಿನ ತಂತ್ರಾಂಶ ಸಾಮಾನ್ಯವಾಗಿ ಮುಂದಿಡುವುದು ಒಂದೊಂದಾಗಿ ಬದಲಿಸು ಅಥವಾ ಎಲ್ಲವನ್ನೂ ಬದಲಿಸು ಎಂಬ ಎರಡು ಗುಂಡಿಗಳನ್ನು. ಈ ಎರಡರ ನಡುವಿನ ಜಾಗದಲ್ಲಿ, ಇಷ್ಟು ಸಾಲುಗಳಲ್ಲಿ, ಇಂಥ ಪದ ಇಲ್ಲದ ಕಡೆ, ಇಂಥ ಪ್ರತ್ಯಯ ಹತ್ತಿದ್ದಕ್ಕೆ, ಕೇಳಿಕೊಂಡು ಎಂದು ಹೇಳಲು ಮಾಡಿಫೈಯರ್‌ಗಳೇ ಬೇಕು. ಬರೆದ ಆದೇಶ ಬರವಣಿಗೆಯಾಗಿ ಉಳಿಯುತ್ತದೆ ಎಂಬುದೂ ಸಣ್ಣ ಲಾಭವಲ್ಲ. ಯಾವ ಮಿತಿಯೊಳಗೆ ಏನು ಬದಲಾಯಿತು ಎಂಬುದನ್ನು ಇನ್ನೊಬ್ಬರು ಓದಿ ಪರಿಶೀಲಿಸಬಹುದು, ಮುಂದಿನ ಕಡತಕ್ಕೆ ಅದನ್ನೇ ಬಳಸಬಹುದು. ಮೌಸ್‌ನಿಂದ ಒತ್ತಿದ್ದಕ್ಕೆ ಗುರುತಿರುವುದಿಲ್ಲ.

ಕಲಿಸುವ ಕ್ರಮ ಇದಕ್ಕೆ ತಕ್ಕಂತೆ ಬದಲಾಗಬೇಕು. ವಿಮ್‌ನ ಪಾಠಗಳು ಎಣಿಕೆಯನ್ನು ಮೊದಲು, ಒಪ್ಪಿಗೆ ಕೇಳುವ ಸೂಚನೆಯನ್ನು ಆಮೇಲೆ ಕಲಿಸುವುದು ರೂಢಿ. ಕನ್ನಡ ಪಠ್ಯದೊಂದಿಗೆ ಕೆಲಸ ಮಾಡುವವರು ಮೊದಲು ಕಲಿಯಬೇಕಾದದ್ದು ಎಣಿಸಿ ಮಾತ್ರ ಹೇಳುವ ‘ಎನ್’, ಆಮೇಲೆ ಸಾಲುಗಳ ವ್ಯಾಪ್ತಿ, ಹೊರಗಿಡುವ ಆಶ್ಚರ್ಯಸೂಚಕ, ಕೇಳಿ ಬದಲಿಸುವ ‘ಸಿ’. ಪದ, ಪ್ಯಾರಾಗಳ ವ್ಯಾಪ್ತಿ ಅದರ ನಂತರ ಬರಲಿ. ಅಕ್ಷರಗಳ ಎಣಿಕೆ ಎಲ್ಲಕ್ಕಿಂತ ಕೊನೆಗೆ, ಸಂಪಾದಕಗಳು ಒತ್ತಕ್ಷರವನ್ನು ಒಂದೆಂದು ಎಣಿಸುವುದನ್ನು ಕಲಿತ ಮೇಲೆ ಬಂದರೂ ತಡವಲ್ಲ.